ಸ್ವಿಚ್‌ನಲ್ಲಿ ಪಿಬಿಆರ್ ಹಾಕಿದೆ, ಕೌಂಟರ್ ಮಾತ್ರ ಸೊನ್ನೆಯಲ್ಲೇ ನಿಂತಿದೆ. ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಗೆ ನೋಡುವುದು?

ನೀವು ಬರೆದಿರುವುದು ನನಗೆ ಅರ್ಥವಾದದ್ದು ಹೀಗೆ. ಒಂದು ಲೇಯರ್ 3 ಸ್ವಿಚ್ (ರೂಟಿಂಗ್ ಕೂಡ ಮಾಡುವ ಸ್ವಿಚ್), ಹೊರಗೆ ಹೋಗಲು ಎರಡು ಲಿಂಕ್. ಡೀಫಾಲ್ಟ್ ರೂಟ್, ಅಂದರೆ ಬೇರೆ ದಾರಿ ಗೊತ್ತಿಲ್ಲದ ಪ್ಯಾಕೆಟ್‌ಗಳು ಹಿಡಿಯುವ ದಾರಿ, ಮೊದಲನೇ ಲಿಂಕ್ ಕಡೆಗಿದೆ. ವಿಲ್ಯಾನ್ 20ರ (ಸ್ವಿಚ್‌ನಲ್ಲೇ ಬೇರ್ಪಡಿಸಿದ ಒಂದು ನೆಟ್‌ವರ್ಕ್‌ನ) ಗೆಸ್ಟ್ ಬಳಕೆದಾರರು ಮಾತ್ರ ಎರಡನೇ ಲಿಂಕ್‌ನಿಂದ ಹೋಗಬೇಕು. ಅದಕ್ಕೆ ಪಿಬಿಆರ್, ಅಂದರೆ ಪಾಲಿಸಿ-ಬೇಸ್ಡ್ ರೂಟಿಂಗ್ (ರೂಟಿಂಗ್ ಟೇಬಲ್ ಬದಲು ನಾವೇ ಬರೆದ ನಿಯಮದಂತೆ ಪ್ಯಾಕೆಟ್ ತಿರುಗಿಸುವುದು) ಬಳಸಿ, ಆ ನಿಯಮಗಳ ಪಟ್ಟಿಯಾದ ರೂಟ್-ಮ್ಯಾಪ್ ಬರೆದು ಇಂಟರ್ಫೇಸ್‌ಗೆ ಹಾಕಿದ್ದೀರಿ. ‘ಶೋ ರೂಟ್-ಮ್ಯಾಪ್’ ಕೊಟ್ಟರೆ ಮ್ಯಾಚ್ ಆದ ಪ್ಯಾಕೆಟ್ ಸೊನ್ನೆ ಅನ್ನುತ್ತದೆ. ಸ್ವಿಚ್ ಮೇಲಿಂದಲೇ ಟ್ರೇಸ್‌ರೂಟ್ (ಪ್ಯಾಕೆಟ್ ಯಾವ ರೂಟರ್‌ಗಳ ಮೂಲಕ ಹೋಗುತ್ತದೆ ಎಂದು ಸಾಲುಸಾಲಾಗಿ ತೋರಿಸುವ ಕಮಾಂಡ್) ಹಾಕಿದರೆ ಹಳೇ ದಾರಿಯೇ ಕಾಣುತ್ತದೆ. ಹಾಗಾಗಿ ಪಿಬಿಆರ್ ಕೆಲಸ ಮಾಡುತ್ತಿಲ್ಲ ಅಂದುಕೊಂಡಿದ್ದೀರಿ.

ಅದು ಸರಿಯಾಗಿಯೇ ಕೆಲಸ ಮಾಡುತ್ತಿರಬಹುದು. ನೀವು ನೋಡಿದ ಎರಡೂ ಜಾಗಗಳು ಈ ಪ್ರಶ್ನೆಗೆ ಉತ್ತರ ಕೊಡುವ ಜಾಗಗಳೇ ಅಲ್ಲ. ನಿಮ್ಮ ಕಮಾಂಡ್‌ಗಳು ಸಿಸ್ಕೋ ಕ್ಯಾಟಲಿಸ್ಟ್‌ನವು ಎಂದು ಕಾಣುತ್ತದೆ, ಅದನ್ನೇ ಹಿಡಿದು ಹೇಳುತ್ತೇನೆ. ಓದಲು ಸುಲಭವಾಗಲಿ ಅಂತ ಕಮಾಂಡ್‌ಗಳನ್ನು ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಸ್ವಿಚ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಿ.

ಮೊದಲು ಕೌಂಟರ್ ವಿಷಯ. ರೂಟರ್‌ನಲ್ಲಿ ಕಲಿತು ಸ್ವಿಚ್‌ಗೆ ಬಂದವರು ಎಡವುವ ಜಾಗ ಇದು. ಸ್ವಿಚ್‌ನಲ್ಲಿ ಪ್ಯಾಕೆಟ್‌ಗಳನ್ನು ಸಾಗಿಸುವುದು ಸಿಪಿಯು ಅಲ್ಲ, ಅದಕ್ಕೆಂದೇ ಮಾಡಿದ ಏಸಿಕ್ ಎಂಬ ಚಿಪ್. ನೀವು ಬರೆದ ರೂಟ್-ಮ್ಯಾಪ್ ಮತ್ತು ಆಕ್ಸೆಸ್-ಲಿಸ್ಟ್‌ಗಳನ್ನು (ನಿಯಮ ಯಾವ ಪ್ಯಾಕೆಟ್‌ಗೆ ಎಂದು ಗುರುತಿಸುವ ಪಟ್ಟಿಗಳನ್ನು) ಸ್ವಿಚ್ ಟಿಕ್ಯಾಮ್ ಎಂಬ ಮೆಮೊರಿಗೆ ಇಳಿಸುತ್ತದೆ. ಆಮೇಲೆ ಬರುವ ಪ್ಯಾಕೆಟ್‌ಗಳನ್ನು ಚಿಪ್ ಅಲ್ಲೇ ನೋಡಿ ತಿರುಗಿಸುತ್ತದೆ. ಸಿಪಿಯುಗೆ ಆ ಪ್ಯಾಕೆಟ್ ಹೋದದ್ದೇ ಗೊತ್ತಾಗುವುದಿಲ್ಲ. ಎಷ್ಟೋ ಕ್ಯಾಟಲಿಸ್ಟ್ ಮಾಡೆಲ್‌ಗಳಲ್ಲಿ ‘ಶೋ ರೂಟ್-ಮ್ಯಾಪ್’ ತೋರಿಸುವ ಲೆಕ್ಕ ಸಿಪಿಯು ಕೈಯಿಂದ ಹೋದ ಪ್ಯಾಕೆಟ್‌ಗಳದ್ದು ಮಾತ್ರ. ಅಂದರೆ ಎಲ್ಲ ಸರಿ ಇದ್ದಾಗಲೇ ಅದು ಸೊನ್ನೆ ಇರುತ್ತದೆ. ಅಂಥ ಸ್ವಿಚ್‌ನಲ್ಲಿ ಆ ಸಂಖ್ಯೆ ಸರಸರನೆ ಏರುತ್ತಿದ್ದರೆ ನಾನು ಖುಷಿಪಡುವುದಿಲ್ಲ. ತಕ್ಷಣ ‘ಶೋ ಪ್ರೊಸೆಸಸ್ ಸಿಪಿಯು ಸಾರ್ಟೆಡ್’ ಹಾಕಿ ನೋಡುತ್ತೇನೆ. ಚಿಪ್ ಮಾಡಬೇಕಾದ ಕೆಲಸ ಸಿಪಿಯು ತಲೆಮೇಲೆ ಬಿದ್ದಿರುವ ಸಾಧ್ಯತೆ ಜಾಸ್ತಿ. ‘ಡಿಬಗ್ ಐಪಿ ಪಾಲಿಸಿ’ ಕತೆಯೂ ಇದೇ. ಚಿಪ್‌ನಲ್ಲಿ ಹೋದದ್ದನ್ನು ಅದು ತೋರಿಸುವುದಿಲ್ಲ. ಹಾಗಾಗಿ ಡಿಬಗ್ ಮೌನವಾಗಿದೆ ಅಂತ ಗಾಬರಿ ಬೇಡ.

ಎರಡನೆಯದು ಟ್ರೇಸ್‌ರೂಟ್. ಇಂಟರ್ಫೇಸ್ ಮೇಲೆ ಹಾಕಿದ ಪಾಲಿಸಿ ಆ ಇಂಟರ್ಫೇಸ್‌ನಿಂದ ಒಳಗೆ ಬರುವ ಪ್ಯಾಕೆಟ್‌ಗಳಿಗೆ ಮಾತ್ರ ಅನ್ವಯಿಸುತ್ತದೆ. ಸ್ವಿಚ್ ತಾನೇ ಹುಟ್ಟಿಸಿದ ಪ್ಯಾಕೆಟ್ ಯಾವ ಇಂಟರ್ಫೇಸ್‌ನಿಂದಲೂ ಒಳಗೆ ಬಂದಿಲ್ಲ ಅಲ್ವಾ? ಸೋರ್ಸ್ ವಿಲ್ಯಾನ್ 20 ಎಂದು ಕೊಟ್ಟರೂ ಅಷ್ಟೇ, ಅಡ್ರೆಸ್ ಬದಲಾಗುತ್ತದೆ, ಹುಟ್ಟಿದ ಜಾಗ ಬದಲಾಗುವುದಿಲ್ಲ. ಅಂಥ ಪ್ಯಾಕೆಟ್‌ಗಳಿಗೆ ‘ಐಪಿ ಲೋಕಲ್ ಪಾಲಿಸಿ ರೂಟ್-ಮ್ಯಾಪ್’ ಎಂಬ ಬೇರೆ ಕಮಾಂಡ್ ಇದೆ. ನಿಮಗೆ ಅದು ಬೇಕಿಲ್ಲ. ವಿಲ್ಯಾನ್ 20ರಲ್ಲಿ ಒಂದು ಲ್ಯಾಪ್‌ಟಾಪ್ ಕೂರಿಸಿ ಅಲ್ಲಿಂದ ಪರೀಕ್ಷೆ ಮಾಡಿ.

ಆದರೆ ಪರೀಕ್ಷೆಗೆ ಮೊದಲು ಕಾನ್ಫಿಗರೇಶನ್ ನಿಜವಾಗಿಯೂ ಕೂತಿದೆಯಾ ನೋಡಬೇಕು. ನೀವು ಪೂರ್ತಿ ಕಾನ್ಫಿಗ್ ಹಾಕಿಲ್ಲ, ಹಾಗಾಗಿ ನಾನು ಬರೆಯುವ ರೀತಿ ಕೊಡುತ್ತೇನೆ. ಗೆಸ್ಟ್ ಸಬ್‌ನೆಟ್ 192.168.20.0/24, ಒಳಗಿನ ಎಲ್ಲ ಸಬ್‌ನೆಟ್‌ಗಳೂ 192.168ರಲ್ಲೇ ಇವೆ, ಮೊದಲನೇ ಲಿಂಕ್‌ನ ಗೇಟ್‌ವೇ 10.0.1.1, ಎರಡನೆಯದು 10.0.2.1 ಎಂದು ಇಟ್ಟುಕೊಳ್ಳೋಣ. ಕೆಳಗಿನ ‘ಒಳಗೆ’, ‘ಹೊರಗೆ’, ‘ಗೆಸ್ಟ್’ ನಾನು ಇಟ್ಟ ಹೆಸರುಗಳು.

ಐಪಿ ಆಕ್ಸೆಸ್-ಲಿಸ್ಟ್ ಎಕ್ಸ್‌ಟೆಂಡೆಡ್ ಒಳಗೆ
 ಪರ್ಮಿಟ್ ಐಪಿ 192.168.20.0 0.0.0.255 192.168.0.0 0.0.255.255
ಐಪಿ ಆಕ್ಸೆಸ್-ಲಿಸ್ಟ್ ಎಕ್ಸ್‌ಟೆಂಡೆಡ್ ಹೊರಗೆ
 ಪರ್ಮಿಟ್ ಐಪಿ 192.168.20.0 0.0.0.255 ಎನಿ
ರೂಟ್-ಮ್ಯಾಪ್ ಗೆಸ್ಟ್ ಡಿನೈ 10
 ಮ್ಯಾಚ್ ಐಪಿ ಅಡ್ರೆಸ್ ಒಳಗೆ
ರೂಟ್-ಮ್ಯಾಪ್ ಗೆಸ್ಟ್ ಪರ್ಮಿಟ್ 20
 ಮ್ಯಾಚ್ ಐಪಿ ಅಡ್ರೆಸ್ ಹೊರಗೆ
 ಸೆಟ್ ಐಪಿ ನೆಕ್ಸ್ಟ್-ಹಾಪ್ 10.0.2.1
ಇಂಟರ್ಫೇಸ್ ವಿಲ್ಯಾನ್ 20
 ಐಪಿ ಪಾಲಿಸಿ ರೂಟ್-ಮ್ಯಾಪ್ ಗೆಸ್ಟ್

ಇಲ್ಲಿ ಡಿನೈ ಎಂದರೆ ಪ್ಯಾಕೆಟ್ ಬಿಸಾಡು ಎಂದಲ್ಲ. ಪಿಬಿಆರ್‌ನಲ್ಲಿ ಅದರ ಅರ್ಥ ‘ಇದನ್ನು ನಾನು ಮುಟ್ಟುವುದಿಲ್ಲ, ಎಂದಿನ ರೂಟಿಂಗ್ ಟೇಬಲ್ ನೋಡಿಕೊಳ್ಳಲಿ’ ಎಂದು. ಯಾವ ಸಾಲಿಗೂ ಹೊಂದದ ಪ್ಯಾಕೆಟ್‌ಗೂ ಅದೇ ಗತಿ. ‘ಡಿನೈ 10’ ಭಾಗವನ್ನು ಬಿಟ್ಟು ಬರೀ ‘ಪರ್ಮಿಟ್ 20’ ಬರೆದರೆ ಏನಾಗುತ್ತದೆ? ನಿಮ್ಮ ನೆಟ್‌ವರ್ಕ್ ಒಳಗಿನ ಡಿಎನ್‌ಎಸ್ ಸರ್ವರ್‌ಗೆ (ವೆಬ್‌ಸೈಟ್ ಹೆಸರಿಗೆ ಐಪಿ ಅಡ್ರೆಸ್ ಹೇಳುವ ಸರ್ವರ್) ಗೆಸ್ಟ್ ಲ್ಯಾಪ್‌ಟಾಪ್ ಕಳಿಸಿದ ಪ್ರಶ್ನೆಯೂ ಎರಡನೇ ಲಿಂಕ್ ಹಿಡಿದು ಹೊರಗೆ ಹೋಗುತ್ತದೆ. ‘ಸೆಟ್ ಐಪಿ ನೆಕ್ಸ್ಟ್-ಹಾಪ್’, ಅಂದರೆ ‘ಮುಂದೆ ಈ ರೂಟರ್‌ಗೆ ಕೊಡು’ ಎಂಬ ಸಾಲು, ರೂಟಿಂಗ್ ಟೇಬಲ್‌ನಲ್ಲಿ ಏನಿದೆ ಎಂದು ಕೇಳುವುದೇ ಇಲ್ಲ. ಪಕ್ಕದ ವಿಲ್ಯಾನ್‌ಗೆ ನೇರ ದಾರಿ ಇದ್ದರೂ ಅದಕ್ಕೆ ಲೆಕ್ಕವಿಲ್ಲ. ‘ಇಂಟರ್ನೆಟ್ ಬರುತ್ತಿಲ್ಲ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಕೆಲವು ಮಾಡೆಲ್‌ಗಳಲ್ಲಿ ಸ್ವಿಚ್‌ನ ಸ್ವಂತ ಅಡ್ರೆಸ್‌ಗೆ ಬರುವ ಪ್ಯಾಕೆಟ್‌ಗಳೂ ಹೀಗೆ ತಪ್ಪಿ ಹೋಗುತ್ತವೆ. ಆಗ ಗೇಟ್‌ವೇಗೆ ಪಿಂಗ್ ಕೂಡ ನಿಲ್ಲುತ್ತದೆ.

‘ಸೆಟ್ ಐಪಿ ಡೀಫಾಲ್ಟ್ ನೆಕ್ಸ್ಟ್-ಹಾಪ್’ ಎಂಬುದೂ ಒಂದಿದೆ. ಅದು ಟೇಬಲ್‌ನಲ್ಲಿ ಆ ಗುರಿಗೆ ನಿರ್ದಿಷ್ಟ ರೂಟ್ ಇಲ್ಲದಿದ್ದಾಗ ಮಾತ್ರ ಕೆಲಸಕ್ಕೆ ಬರುತ್ತದೆ, ಡೀಫಾಲ್ಟ್ ರೂಟ್ ಲೆಕ್ಕಕ್ಕಿಲ್ಲ. ನಿಮ್ಮ ಅಗತ್ಯಕ್ಕೆ ಕೇಳಲು ಚೆನ್ನಾಗಿದೆ, ಆದರೆ ಎಲ್ಲ ಸ್ವಿಚ್‌ಗಳೂ ಅದನ್ನು ಹಾರ್ಡ್‌ವೇರ್‌ನಲ್ಲಿ ಮಾಡುವುದಿಲ್ಲ. ಡಿನೈ ಸಾಲಿನ ಬಗ್ಗೆಯೂ ಇದೇ ಎಚ್ಚರ ಇರಲಿ. ಹಳೆಯ ಕ್ಯಾಟಲಿಸ್ಟ್ 3750ರಂಥ ಸ್ವಿಚ್‌ಗಳಲ್ಲಿ ಆಕ್ಸೆಸ್-ಲಿಸ್ಟ್‌ನಲ್ಲೇ ಡಿನೈ ಬರೆದರೆ, ಅದಕ್ಕೆ ತಾಗಿದ ಪ್ಯಾಕೆಟ್‌ಗಳು ಸಿಪಿಯುಗೆ ಹೋಗಿ ಅದನ್ನು ಸುಸ್ತು ಮಾಡುತ್ತವೆ. ಅದಕ್ಕೇ ನಾನು ಆಕ್ಸೆಸ್-ಲಿಸ್ಟ್‌ನಲ್ಲಿ ಪರ್ಮಿಟ್ ಮಾತ್ರ ಬರೆದು, ಬೇಡವೆಂಬುದನ್ನು ರೂಟ್-ಮ್ಯಾಪ್‌ನಲ್ಲಿ ಹೇಳುತ್ತೇನೆ. ರೂಟ್-ಮ್ಯಾಪ್‌ನ ಡಿನೈಯನ್ನೂ ಒಪ್ಪದ ಹಳೇ ಮಾಡೆಲ್‌ಗಳಿವೆ. ನಿಮ್ಮ ಮಾಡೆಲ್ ಮತ್ತು ಸಾಫ್ಟ್‌ವೇರ್ ಆವೃತ್ತಿಯ ಕಾನ್ಫಿಗರೇಶನ್ ಗೈಡ್‌ನಲ್ಲಿ ಪಿಬಿಆರ್ ಅಧ್ಯಾಯದ ನಿರ್ಬಂಧಗಳ ಪುಟವನ್ನು ಒಮ್ಮೆ ಓದಲೇಬೇಕು.

ಈಗ ಕೂತಿದೆಯಾ ನೋಡುವುದು. ‘ಶೋ ರನ್ನಿಂಗ್-ಕಾನ್ಫಿಗ್ ಇಂಟರ್ಫೇಸ್ ವಿಲ್ಯಾನ್ 20’ ಹಾಕಿ. ‘ಐಪಿ ಪಾಲಿಸಿ’ ಸಾಲು ಅಲ್ಲಿದೆಯಾ? ಸುಮ್ನೆ ಕೇಳುತ್ತಿಲ್ಲ. 3560, 3750ಗಳಲ್ಲಿ ಪಿಬಿಆರ್‌ಗೆ ಎಸ್‌ಡಿಎಂ ಟೆಂಪ್ಲೇಟ್ (ಚಿಪ್‌ನ ಮೆಮೊರಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ಜಾಗ ಎಂದು ಹಂಚುವ ಸೆಟ್ಟಿಂಗ್) ‘ರೂಟಿಂಗ್’ ಆಗಿರಬೇಕು. ಇಲ್ಲದಿದ್ದರೆ ಕಮಾಂಡ್ ಟೈಪ್ ಮಾಡಿದಾಗ ಒಪ್ಪಿಕೊಂಡಂತೆ ಕಾಣುತ್ತದೆ, ಕಾನ್ಫಿಗ್‌ನಲ್ಲಿ ಮಾತ್ರ ಉಳಿಯುವುದಿಲ್ಲ. ಲಾಗ್‌ನಲ್ಲಿ ಒಂದು ಸಾಲಿನ ದೂರು ಬಿದ್ದಿರುತ್ತದೆ. ಟೆಲ್ನೆಟ್ ಅಥವಾ ಎಸ್‌ಎಸ್‌ಎಚ್‌ನಿಂದ ಒಳಗೆ ಹೋದವರಿಗೆ ‘ಟರ್ಮಿನಲ್ ಮಾನಿಟರ್’ ಹಾಕದಿದ್ದರೆ ಅದು ಕಾಣುವುದೂ ಇಲ್ಲ. ‘ಶೋ ಎಸ್‌ಡಿಎಂ ಪ್ರಿಫರ್’ ಈಗ ಯಾವ ಟೆಂಪ್ಲೇಟ್ ಇದೆ ಎಂದು ಹೇಳುತ್ತದೆ. ಬದಲಿಸಲು ‘ಎಸ್‌ಡಿಎಂ ಪ್ರಿಫರ್ ರೂಟಿಂಗ್’, ಆಮೇಲೆ ರಿಲೋಡ್. ರಿಲೋಡ್ ಇಲ್ಲದೆ ಬದಲಾಗುವುದಿಲ್ಲ. ಹಾಗಾಗಿ ಜನ ಕೆಲಸ ಮಾಡುವ ಹೊತ್ತಿನಲ್ಲಿ ಕೈ ಹಾಕಬೇಡಿ. ಜೊತೆಗೆ ‘ಐಪಿ ರೂಟಿಂಗ್’ ಆನ್ ಇದೆಯಾ, ಲೈಸೆನ್ಸ್ ಪಿಬಿಆರ್ ಕೊಡುತ್ತದೆಯಾ ಎಂದೂ ನೋಡಿ.

ಮುಂದೆ ‘ಶೋ ಐಪಿ ಪಾಲಿಸಿ’. ಯಾವ ಇಂಟರ್ಫೇಸ್‌ಗೆ ಯಾವ ರೂಟ್-ಮ್ಯಾಪ್ ಎಂದು ಎರಡು ಕಾಲಂನಲ್ಲಿ ತೋರಿಸುತ್ತದೆ. ಪಾಲಿಸಿಯನ್ನು ಹೊರಹೋಗುವ ಲಿಂಕ್ ಮೇಲೆ ಹಾಕಿರುವುದು ತುಂಬಾ ಕಡೆ ಕಾಣುವ ತಪ್ಪು. ಅದು ಗೆಸ್ಟ್‌ಗಳು ಒಳಬರುವ ಕಡೆ, ಅಂದರೆ ವಿಲ್ಯಾನ್ 20ರ ಇಂಟರ್ಫೇಸ್ ಮೇಲೆ ಇರಬೇಕು. ರೂಟ್-ಮ್ಯಾಪ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಒಂದಕ್ಷರ ತಪ್ಪಿದರೆ ಇಲ್ಲದ ರೂಟ್-ಮ್ಯಾಪ್‌ಗೆ ಕಟ್ಟಿದ ಹಾಗೆ. ಆಮೇಲೆ ‘ಶೋ ಐಪಿ ಎಆರ್‌ಪಿ 10.0.2.1’. ನೆಕ್ಸ್ಟ್-ಹಾಪ್ ಸ್ವಿಚ್‌ಗೆ ನೇರವಾಗಿ ತಾಗಿರುವ ಸಬ್‌ನೆಟ್‌ನಲ್ಲಿರಬೇಕು, ಅದರ ಮ್ಯಾಕ್ ಅಡ್ರೆಸ್ (ಹಾರ್ಡ್‌ವೇರ್ ಅಡ್ರೆಸ್) ಸ್ವಿಚ್‌ನ ಎಆರ್‌ಪಿ ಪಟ್ಟಿಯಲ್ಲಿ ಇರಬೇಕು. ಟಿಕ್ಯಾಮ್‌ನಲ್ಲಿ ಜಾಗ ಇದೆಯಾ ಎಂಬುದಕ್ಕೆ 3750ಯಲ್ಲಿ ‘ಶೋ ಪ್ಲಾಟ್‌ಫಾರ್ಮ್ ಟಿಕ್ಯಾಮ್ ಯುಟಿಲೈಸೇಶನ್’ ಇದೆ. ನಿಮ್ಮ ಲಿಸ್ಟ್ ಚಿಕ್ಕದು, ಸಮಸ್ಯೆ ಆಗಲಾರದು.

ಇನ್ನು ಲ್ಯಾಪ್‌ಟಾಪ್‌ನಿಂದ ಟ್ರೇಸ್‌ರೂಟ್. ಮೊದಲ ಸಾಲು ಸ್ವಿಚ್‌ನ 192.168.20.1. ನೋಡಬೇಕಾದ್ದು ಎರಡನೇ ಸಾಲು. ಅಲ್ಲಿ 10.0.2.1 ಬಂದರೆ ಪಿಬಿಆರ್ ಕೆಲಸ ಮಾಡುತ್ತಿದೆ, ಮುಗಿಯಿತು. 10.0.1.1 ಬಂದರೆ ಪ್ಯಾಕೆಟ್ ಪಾಲಿಸಿಗೆ ಸಿಕ್ಕಿಲ್ಲ. ಆದರೆ ಇಲ್ಲೊಂದು ಸೂಕ್ಷ್ಮ ಇದೆ. ವಿಂಡೋಸ್‌ನ ಟ್ರೇಸ್‌ರೂಟ್ ಐಸಿಎಂಪಿ (ಪಿಂಗ್ ಬಳಸುವಂಥ ಪ್ಯಾಕೆಟ್) ಕಳಿಸುತ್ತದೆ, ಲಿನಕ್ಸ್‌ನದ್ದು ಏನೂ ಹೇಳದಿದ್ದರೆ ಯುಡಿಪಿ ಕಳಿಸುತ್ತದೆ. ನಿಮ್ಮ ಆಕ್ಸೆಸ್-ಲಿಸ್ಟ್ ಟಿಸಿಪಿ 80 ಮತ್ತು 443ಕ್ಕೆ ಮಾತ್ರ ಪರ್ಮಿಟ್ ಕೊಟ್ಟಿದ್ದರೆ ಈ ಎರಡೂ ಅದಕ್ಕೆ ತಾಗುವುದಿಲ್ಲ. ವೆಬ್ ಟ್ರಾಫಿಕ್ ಎರಡನೇ ಲಿಂಕ್‌ನಲ್ಲಿ ಸರಿಯಾಗಿ ಹೋಗುತ್ತಿರುತ್ತದೆ, ಟ್ರೇಸ್‌ರೂಟ್ ಮಾತ್ರ ಹಳೇ ದಾರಿ ತೋರಿಸುತ್ತಿರುತ್ತದೆ. ಅಂಥ ಕಡೆ ಲಿನಕ್ಸ್‌ನಿಂದ ಟಿಸಿಪಿ 443 ಪೋರ್ಟ್‌ಗೇ ಟ್ರೇಸ್ ಮಾಡಬೇಕು. ಯಾವ ಪ್ಯಾಕೆಟ್‌ಗೆ ನಿಯಮ ಬರೆದಿದ್ದೀರೋ ಅದೇ ಥರದ ಪ್ಯಾಕೆಟ್ ಕಳಿಸಿ ನೋಡಿ.

ಎರಡನೇ ಸಾಲಿನಿಂದ ಆಚೆ ಬರೀ ನಕ್ಷತ್ರ ಚಿಹ್ನೆಗಳೇ ಬಂದರೆ? ಆಗ ನನ್ನ ಅನುಮಾನ ಸ್ವಿಚ್ ಮೇಲಲ್ಲ. ಪ್ಯಾಕೆಟ್ ಎರಡನೇ ಲಿಂಕ್‌ಗೆ ಹೋಗಿದೆ, ಉತ್ತರ ವಾಪಸ್ ಬರುತ್ತಿಲ್ಲ. ಪಿಬಿಆರ್ ಹೋಗುವ ದಾರಿಯನ್ನಷ್ಟೇ ಬದಲಿಸುತ್ತದೆ. ಬರುವ ದಾರಿ ಆಚೆಯವರ ಕೈಯಲ್ಲಿದೆ. 10.0.2.1 ರೂಟರ್‌ಗೆ 192.168.20.0/24 ಎಲ್ಲಿದೆ ಎಂದು ಗೊತ್ತಿರಬೇಕು, ಅದಕ್ಕೆ ನಿಮ್ಮ ಸ್ವಿಚ್ ಕಡೆಗೆ ಒಂದು ರೂಟ್ ಬೇಕು. ಅಲ್ಲೇ ಆ ಸಬ್‌ನೆಟ್‌ಗೆ ನ್ಯಾಟ್ (ಒಳಗಿನ ಅಡ್ರೆಸ್ ಅನ್ನು ಹೊರಗಿನ ಅಡ್ರೆಸ್ ಆಗಿ ಬದಲಿಸುವುದು) ನಿಯಮವೂ ಬೇಕು. ಹೋಗುವುದು ಒಂದು ಫೈರ್‌ವಾಲ್‌ನಲ್ಲಿ, ಬರುವುದು ಇನ್ನೊಂದರಲ್ಲಿ ಆದರೆ ಕನೆಕ್ಷನ್ ಶುರುವಾದದ್ದನ್ನೇ ನೋಡದ ಫೈರ್‌ವಾಲ್ ಉತ್ತರವನ್ನು ಬಿಸಾಡುತ್ತದೆ. ಅನುಮಾನ ಉಳಿದರೆ ಎರಡನೇ ಲಿಂಕ್‌ನ ಪೋರ್ಟ್ ಅನ್ನು ‘ಮಾನಿಟರ್ ಸೆಷನ್’ನಿಂದ ಇನ್ನೊಂದು ಪೋರ್ಟ್‌ಗೆ ನಕಲು ಮಾಡಿ ವೈರ್‌ಶಾರ್ಕ್‌ನಲ್ಲಿ ನೋಡಿ. ಗೆಸ್ಟ್ ಅಡ್ರೆಸ್‌ನ ಪ್ಯಾಕೆಟ್ ಅಲ್ಲಿ ಹೊರಟರೆ ಸ್ವಿಚ್‌ನ ಪಾಲು ಮುಗಿದಿದೆ.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಎರಡನೇ ಲಿಂಕ್ ಸತ್ತರೆ ಏನಾಗುತ್ತದೆ? ಪೋರ್ಟ್ ಡೌನ್ ಆದರೆ ನೆಕ್ಸ್ಟ್-ಹಾಪ್ ಮಾಯವಾಗಿ ಟ್ರಾಫಿಕ್ ಎಂದಿನ ಟೇಬಲ್‌ಗೆ ಬೀಳುತ್ತದೆ. ಆದರೆ ನಡುವೆ ಇನ್ನೊಂದು ಸ್ವಿಚ್ ಇದ್ದು, ಆಚೆಯ ರೂಟರ್ ಮಾತ್ರ ಸತ್ತರೆ ನಿಮ್ಮ ಪೋರ್ಟ್ ಅಪ್ ಆಗಿಯೇ ಇರುತ್ತದೆ. ಸಿಸ್ಕೋದಲ್ಲಿ ಎಆರ್‌ಪಿ ಎಂಟ್ರಿಯ ಡೀಫಾಲ್ಟ್ ಅವಧಿ 4 ಗಂಟೆ. ಆ ಎಂಟ್ರಿ ಇರುವವರೆಗೆ ಗೆಸ್ಟ್ ಟ್ರಾಫಿಕ್ ಸತ್ತ ಮ್ಯಾಕ್ ಅಡ್ರೆಸ್‌ಗೆ ಹೋಗಿ ಬೀಳುತ್ತಲೇ ಇರಬಹುದು. ಇದಕ್ಕೆ ಐಪಿ ಎಸ್‌ಎಲ್‌ಎ (ಸ್ವಿಚ್ ಆಗಾಗ ಪಿಂಗ್ ಮಾಡಿ ನೋಡುವುದು) ಮತ್ತು ಟ್ರ್ಯಾಕ್ (ಅದರ ಫಲಿತಾಂಶವನ್ನು ಅಪ್ ಅಥವಾ ಡೌನ್ ಎಂದು ಇಡುವುದು) ಬಳಸುತ್ತಾರೆ:

ಐಪಿ ಎಸ್‌ಎಲ್‌ಎ 1
 ಐಸಿಎಂಪಿ-ಎಕೋ 10.0.2.1
 ಫ್ರೀಕ್ವೆನ್ಸಿ 10
ಐಪಿ ಎಸ್‌ಎಲ್‌ಎ ಶೆಡ್ಯೂಲ್ 1 ಲೈಫ್ ಫಾರೆವರ್ ಸ್ಟಾರ್ಟ್-ಟೈಮ್ ನೌ
ಟ್ರ್ಯಾಕ್ 1 ಐಪಿ ಎಸ್‌ಎಲ್‌ಎ 1 ರೀಚಬಿಲಿಟಿ
ರೂಟ್-ಮ್ಯಾಪ್ ಗೆಸ್ಟ್ ಪರ್ಮಿಟ್ 20
 ನೋ ಸೆಟ್ ಐಪಿ ನೆಕ್ಸ್ಟ್-ಹಾಪ್ 10.0.2.1
 ಸೆಟ್ ಐಪಿ ನೆಕ್ಸ್ಟ್-ಹಾಪ್ ವೆರಿಫೈ-ಅವೈಲಬಿಲಿಟಿ 10.0.2.1 10 ಟ್ರ್ಯಾಕ್ 1

ಫ್ರೀಕ್ವೆನ್ಸಿ ಸೆಕೆಂಡ್‌ಗಳಲ್ಲಿ. ಬರೆಯದಿದ್ದರೆ ಅದು 60. ಗೇಟ್‌ವೇ ಬದುಕಿದ್ದು ಅದರಾಚೆಯ ಲೈನ್ ಸತ್ತರೂ ಗೊತ್ತಾಗಲಿ ಅಂತ ಕೆಲವರು ಇಂಟರ್ನೆಟ್‌ನ ಯಾವುದೋ ಅಡ್ರೆಸ್‌ಗೆ ಪಿಂಗ್ ಇಡುತ್ತಾರೆ. ಯೋಚನೆ ಒಳ್ಳೆಯದೇ. ಆದರೆ ಈ ಪಿಂಗ್ ಹುಟ್ಟುವುದು ಸ್ವಿಚ್‌ನಲ್ಲಿ. ಮೇಲೆ ಹೇಳಿದ ಟ್ರೇಸ್‌ರೂಟ್‌ನಂತೆ ಇದೂ ಡೀಫಾಲ್ಟ್ ರೂಟ್ ಹಿಡಿದು ಮೊದಲನೇ ಲಿಂಕ್‌ನಿಂದ ಹೋಗುತ್ತದೆ. ಎರಡನೇ ಲಿಂಕ್ ಸತ್ತರೂ ಟ್ರ್ಯಾಕ್ ಅಪ್ ಅನ್ನುತ್ತಿರುತ್ತದೆ. ಆ ಒಂದು ಅಡ್ರೆಸ್‌ಗೆ 10.0.2.1 ಮೂಲಕ ಸ್ಟ್ಯಾಟಿಕ್ ರೂಟ್ ಹಾಕಿದರೆ ಸರಿಹೋಗುತ್ತದೆ. ‘ಶೋ ಟ್ರ್ಯಾಕ್ 1’ ನೋಡಿ, ಆಮೇಲೆ ಆಚೆಯ ರೂಟರ್ ಅನ್ನು ನಿಜವಾಗಿಯೂ ಆಫ್ ಮಾಡಿ ಪರೀಕ್ಷಿಸಿ. ಆಗ ಗೆಸ್ಟ್‌ಗಳು ಮೊದಲನೇ ಲಿಂಕ್‌ಗೆ ಬರುತ್ತಾರೆ. ಅದು ಬೇಡ ಎಂದಾದರೆ ಮೊದಲನೇ ಲಿಂಕ್‌ನ ಹೊರಹೋಗುವ ಕಡೆ ಅವರನ್ನು ತಡೆಯುವ ಆಕ್ಸೆಸ್-ಲಿಸ್ಟ್ ಹಾಕಿ.

ಸ್ವಿಚ್ ಸಿಸ್ಕೋ ನೆಕ್ಸಸ್ ಆಗಿದ್ದರೆ ಮೊದಲು ‘ಫೀಚರ್ ಪಿಬಿಆರ್’ ಆನ್ ಮಾಡಬೇಕು. ಅಲ್ಲಿ ‘ರೂಟ್-ಮ್ಯಾಪ್ ಗೆಸ್ಟ್ ಪಿಬಿಆರ್-ಸ್ಟ್ಯಾಟಿಸ್ಟಿಕ್ಸ್’ ಎಂದು ಕೇಳಿದರೆ ಲೆಕ್ಕವನ್ನೂ ಕೊಡುತ್ತದೆ. ಹುವಾವೇಯಲ್ಲಿ ಇದೇ ಕೆಲಸವನ್ನು ಟ್ರಾಫಿಕ್ ಪಾಲಿಸಿ ಬರೆದು ರೀಡೈರೆಕ್ಟ್ ಮೂಲಕ ಮಾಡುತ್ತಾರೆ. ಜುನಿಪರ್‌ನಲ್ಲಿ ಫಿಲ್ಟರ್-ಬೇಸ್ಡ್ ಫಾರ್ವರ್ಡಿಂಗ್.

ನನ್ನ ಅಭಿಪ್ರಾಯ ಕೇಳಿದರೆ, ಗೆಸ್ಟ್ ವಿಲ್ಯಾನ್‌ನ ಎಲ್ಲ ಟ್ರಾಫಿಕ್ ಎರಡನೇ ಲಿಂಕ್‌ಗೇ ಹೋಗಬೇಕು, ಒಳಗಿನ ಯಾವ ಸರ್ವರ್ ಕೂಡ ಅವರಿಗೆ ಬೇಡ ಎಂದಾದರೆ ಪಿಬಿಆರ್ ಬಿಟ್ಟುಬಿಡಿ. ವಿಆರ್‌ಎಫ್ ಮಾಡಿ, ಅಂದರೆ ಅದೇ ಸ್ವಿಚ್‌ನಲ್ಲಿ ಇನ್ನೊಂದು ಪ್ರತ್ಯೇಕ ರೂಟಿಂಗ್ ಟೇಬಲ್. ವಿಲ್ಯಾನ್ 20 ಮತ್ತು ಎರಡನೇ ಲಿಂಕ್ ಎರಡನ್ನೂ ಒಂದು ಪ್ರತ್ಯೇಕ ವಿಆರ್‌ಎಫ್‌ನಲ್ಲಿಟ್ಟು, ಅದಕ್ಕೆ ಅದರದ್ದೇ ಡೀಫಾಲ್ಟ್ ರೂಟ್ ಕೊಟ್ಟರೆ ಸಾಕು. ದಾರಿ ರೂಟಿಂಗ್ ಟೇಬಲ್‌ನಲ್ಲೇ ಕಾಣುತ್ತದೆ, ನಿಮ್ಮ ನಂತರ ಬರುವವರಿಗೂ ಅರ್ಥವಾಗುತ್ತದೆ. ಒಳಗಿನ ಡಿಎನ್‌ಎಸ್ ಬೇಕು, ಪ್ರಿಂಟರ್ ಬೇಕು, ಹೊರಗಿನದು ಮಾತ್ರ ಬೇರೆ ಲಿಂಕ್ ಎನ್ನುವುದಾದರೆ ಪಿಬಿಆರ್ ಸರಿ.

ಇಷ್ಟು ನೋಡಿದ ಮೇಲೂ ಎರಡನೇ ಸಾಲಿನಲ್ಲಿ 10.0.1.1 ಬರುತ್ತಿದ್ದರೆ ಸ್ವಿಚ್ ಮಾಡೆಲ್, ‘ಶೋ ಐಪಿ ಪಾಲಿಸಿ’ ಮತ್ತು ‘ಶೋ ರನ್ನಿಂಗ್-ಕಾನ್ಫಿಗ್ ಇಂಟರ್ಫೇಸ್ ವಿಲ್ಯಾನ್ 20’ರ ಔಟ್‌ಪುಟ್ ಇಲ್ಲೇ ಹಾಕಿ. ಪಬ್ಲಿಕ್ ಅಡ್ರೆಸ್ ಮತ್ತು ಪಾಸ್‌ವರ್ಡ್ ಸಾಲುಗಳನ್ನು ತೆಗೆದು ಹಾಕಿ, ನೋಡಿ ಹೇಳುತ್ತೇನೆ.