18 ಸಾವಿರದ ಚಾಕು, ಮಾವಿನ ಕಡ್ಡಿ ಕುಯ್ಯಲಿಲ್ಲ

ನೀವು ಕೇಳಿರೋದು, "ಅಪ್ಪನಿಗೆ 60 ತುಂಬ್ತಾ ಇದೆ, ಊರಲ್ಲಿ ತೋಟ ನೋಡ್ಕೋತಾರೆ, 15 ಸಾವಿರದೊಳಗೆ ಒಂದು ಒಳ್ಳೆ ಮಡಚೋ ಚಾಕು ಕೊಡಿಸ್ಬೇಕು ಅಂತಿದೀನಿ, ವಿಡಿಯೋದಲ್ಲಿ ಎಲ್ಲರೂ ಹೊಗಳೋ ಚಾಕು ತಗೊಂಡು ಯಾರಿಗಾದ್ರೂ ನಿರಾಸೆ ಆಗಿದ್ಯಾ" ಅಂತ. ಆಗಿದೆ. ನನಗೆ ಮೂರು ಸಲ ಆಗಿದೆ, ಅದ್ರಲ್ಲಿ ಒಂದು ಸಲ ಆ ವರ್ಷದ ಕಸಿ ಗಿಡಗಳೇ ಹೋದ್ವು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ನಮ್ಮದು ಸಾಗರದ ಕಡೆ ಅಡಕೆ ತೋಟ, ಜೊತೆಗೆ ಕಾಳುಮೆಣಸು, ಮನೆ ಹಿಂದೆ ಉಪ್ಪಿನಕಾಯಿಗೆ ಹಾಕೋ ಅಪ್ಪೆಮಿಡಿ ಮಾವಿನ ಮರಗಳು. ಜೇಬಲ್ಲಿ ಚಾಕು ಇಲ್ದೆ ನಾನು ತೋಟಕ್ಕೆ ಇಳಿಯೋದೇ ಇಲ್ಲ. ಬಳ್ಳಿ ಕಟ್ಟೋ ಹಗ್ಗ, ಡ್ರಿಪ್ ಪೈಪು, ಗೊಬ್ಬರದ ಚೀಲದ ಹೊಲಿಗೆ, ಊಟಕ್ಕೆ ಬಾಳೆ ಎಲೆ, ಮಳೆಗಾಲ ಶುರುವಾದ್ರೆ ಮಾವಿನ ಕಸಿ, ಹೀಗೆ ದಿನಕ್ಕೆ ಇಪ್ಪತ್ತು ಮೂವತ್ತು ಸಲ ಚಾಕು ತೆಗೀತೀನಿ. ಅಪ್ಪಯ್ಯನ ಕಾಲದ್ದೊಂದು ಮಡಚೋ ಚಾಕು ಇತ್ತು, ಮಸೆದೂ ಮಸೆದೂ ಅಲಗು ಬಾಳೆ ನಾರಿನಷ್ಟು ಸಣ್ಣ ಆಗಿತ್ತು, ಅದು ಹಳ್ಳದಲ್ಲಿ ಬಿದ್ದು ಕಳೆದು ಹೋದ ಮೇಲೆ ಹೊಸದು ಹುಡುಕೋಕೆ ಹೋದೆ, ಅಲ್ಲಿಂದ ಶುರು ಆಗಿದ್ದು ಇದೆಲ್ಲ.

ಮೊದಲನೇದು ಟೈಟಾನಿಯಂ ಹಿಡಿಯದ್ದು. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಆ ತರದ ಚಾಕು ಮಾಡೋರು ಬೇಕಾದಷ್ಟು ಜನ ಇದಾರೆ, ತೊಂದರೆ ಆ ಮಾದರಿದೇ. ಎಸ್30ವಿ ಅನ್ನೋ ಸ್ಟೀಲು, ಬಾಲ್ ಬೇರಿಂಗ್ ಮೇಲೆ ತಿರುಗೋ ಅಲಗು, ಬೆರಳಲ್ಲಿ ಹಿಂದಿನ ಕೊಕ್ಕೆ ಒತ್ತಿದ್ರೆ ಸರಕ್ ಅಂತ ತೆರ್ಕೊಳ್ಳುತ್ತೆ, ಟಕ್ ಅಂತ ಲಾಕ್ ಆಗುತ್ತೆ. ನಾನು ನೋಡಿದ ಪ್ರತಿ ವಿಡಿಯೋದಲ್ಲೂ ಆ ಶಬ್ದದ ಬಗ್ಗೆ ಹತ್ತು ನಿಮಿಷ, ಆಮೇಲೆ ಪೇಪರ್ ಹಾಳೆ ಕತ್ತರಿಸಿ ತೋರ್ಸೋದು, ಅಲ್ಲಿಗೆ ಮುಗೀತು. ಭಾವನ ಮಗ ಅಮೆರಿಕದಿಂದ ಬರ್ತಾ ತಂದುಕೊಟ್ಟ, 18 ಸಾವಿರ ಬಿತ್ತು.

ಮನೆಗೆ ತಂದ ದಿನ ಒಂದು ಸೀಬೆಕಾಯಿ ಕುಯ್ದೆ. ಅಲಗಿನ ಬಾಯಿ, ಅಂದ್ರೆ ಹರಿತದ ಅಂಚು, ಏನೋ ಸಿಪ್ಪೆಗೆ ಬೆಣ್ಣೆಗೆ ಇಳಿದ ಹಾಗೆ ಇಳೀತು, ಅರ್ಧ ಬೆರಳಗಲ ಹೋದ ಮೇಲೆ ಕಾಯಿ ಚಟಕ್ ಅಂತ ಸೀಳ್ತು. ಹೋಳಿನ ಮುಖ ನುಣ್ಣಗೆ ಇರ್ಲಿಲ್ಲ, ಕೊಡಲಿಯಲ್ಲಿ ಸೌದೆ ಒಡೆದ ಹಾಗೆ ಏರುತಗ್ಗು. ಆವಾಗ ಅದರ ಅರ್ಥ ಆಗ್ಲಿಲ್ಲ, ಹೊಸದಲ್ವಾ, ಕೈಗೆ ಹೊಂದ್ಕೋಬೇಕು ಅಂದ್ಕೊಂಡೆ.

ಆ ವರ್ಷ ಮಳೆ ಹಿಡಿದ ಮೇಲೆ ಕಸಿ ಕಟ್ಟೋಕೆ ಕೂತೆ. ಮಾವಿನ ಕಸಿ ಗೊತ್ತಿಲ್ದೋರಿಗೆ ಎರಡು ಮಾತು: ಒಳ್ಳೆ ಮರದಿಂದ ಪೆನ್ಸಿಲ್ ದಪ್ಪದ ಕಡ್ಡಿ ತಂದು ಅದರ ಬುಡಾನ ಎರಡೂ ಕಡೆಯಿಂದ ಬೆಣೆ ತರ ಕೆತ್ತಬೇಕು, ಕೆಳಗಿನ ಸಸಿಯ ತಲೆ ತೆಗೆದು ನಡುವೆ ಸೀಳಿ ಆ ಬೆಣೆ ಒಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಸುತ್ತಬೇಕು. ಸಿಪ್ಪೆ ಕೆಳಗೆ ಒಂದು ತೆಳು ಹಸಿರು ಪದರ ಇರುತ್ತಲ್ಲ, ಎರಡೂ ಗಿಡದ ಆ ಪದರ ಒಂದಕ್ಕೊಂದು ತಾಗಿದ್ರೆ ಮಾತ್ರ ಕೂಡಿಕೊಳ್ಳುತ್ತೆ. ಅದಕ್ಕೆ ಕೆತ್ತಿದ ಮುಖ ಗಾಜಿನ ಹಾಗೆ ಚಪ್ಪಟೆ ಇರ್ಬೇಕು, ಒಂದೇ ಎಳೆತಕ್ಕೆ ಬರ್ಬೇಕು. ನಡುವೆ ಗುಳಿ ಬಿದ್ರೆ ಅಲ್ಲಿ ಗಾಳಿ ಕೂರುತ್ತೆ, ನೀರು ಕೂರುತ್ತೆ, ಕಡ್ಡಿ ಕಪ್ಪಾಗಿ ಹೋಗುತ್ತೆ.

ನನ್ನ 18 ಸಾವಿರದ ಚಾಕು ಆ ಒಂದು ಎಳೆತ ಕೊಡ್ಲಿಲ್ಲ. ಕಡ್ಡಿ ಮೇಲೆ ಇಟ್ಟು ಎಳೆದ್ರೆ ಮೊದಲು ಆಳಕ್ಕೆ ಕಚ್ಚುತ್ತೆ, ಆಮೇಲೆ ಅಲಗಿನ ದಪ್ಪ ಅಡ್ಡ ಬಂದು ಬಾಯಿನ ಮೇಲಕ್ಕೆ ಎತ್ತುತ್ತೆ, ಮತ್ತೆ ಕಚ್ಚುತ್ತೆ, ಬೆಳಕಿಗೆ ಹಿಡಿದು ನೋಡಿದ್ರೆ ಕಡ್ಡಿ ಮೈಮೇಲೆ ಸಣ್ಣ ಸಣ್ಣ ಅಲೆ. ತಿದ್ದೋಕೆ ಹೋಗಿ ಮತ್ತೆ ಕೆತ್ತಿದ್ರೆ ಬೆಣೆ ಗಿಡ್ಡ ಆಗುತ್ತೆ. ಹಠ ಬಿಡದೆ 40 ಸಸಿಗೆ ಕಟ್ಟಿದೆ, ಚಿಗುರಿದ್ದು 9. ಅಪ್ಪಯ್ಯನ ಹಳೇ ಚಾಕುವಲ್ಲಿ ಅರ್ಧಕ್ಕಿಂತ ಕಡಿಮೆ ಯಾವತ್ತೂ ಆಗಿರ್ಲಿಲ್ಲ. ಆ ಕಡ್ಡಿ ತಂದಿದ್ದು ಹೊಳೆ ದಂಡೆಯ ಒಂದು ಮುದಿ ಮರದಿಂದ, ಅದರ ಮಿಡಿ ಪರಿಮಳ ಬೇರೆ ಯಾವ ಮರದ್ದಕ್ಕೂ ಇರ್ಲಿಲ್ಲ, ಮುಂದಿನ ವರ್ಷ ಹೋಗಿ ನೋಡಿದ್ರೆ ಆ ಮರ ಉರುಳಿತ್ತು. ಅದು ನನಗೆ ಇವತ್ತಿಗೂ ಸಂಕಟ.

ಆಮೇಲೆ ವರ್ನಿಯರ್ ಕ್ಯಾಲಿಪರ್ ತಂದು ಅಳೆದೆ. ಅಲಗಿನ ಬೆನ್ನು ಹತ್ತತ್ರ 4 ಮಿ.ಮೀ. ಬಾಯಿಗೆ ಸಾಣೆ ಹಿಡಿದಿರೋ ಇಳಿಜಾರು ಶುರುವಾಗೋ ಜಾಗ ಇದೆಯಲ್ಲ, ಅಲ್ಲಿ 0.8 ಮಿ.ಮೀ. ಅದೇ ಜಾಗ ಅಡುಗೆ ಮನೆಯ ತರಕಾರಿ ಹೆಚ್ಚೋ ಚಾಕುವಲ್ಲಿ 0.3 ಕೂಡ ಇರ್ಲಿಲ್ಲ. ನೋಡಿ, ಇಡೀ ವಿಷಯ ಇಲ್ಲಿದೆ. ಪೇಪರಿಗೆ ದಪ್ಪ ಅನ್ನೋದೇ ಇಲ್ಲ, ಹಾಗಾಗಿ ಪೇಪರ್ ಕುಯ್ಯೋಕೆ ಬಾಯಿ ಹರಿತ ಇದ್ರೆ ಸಾಕು, ಸಾಣೆ ಹಿಡಿದ ಯಾವ ಕಬ್ಬಿಣದ ಚೂರೂ ಪೇಪರ್ ಕುಯ್ಯುತ್ತೆ. ಹಣ್ಣು, ಕಡ್ಡಿ, ಪೈಪು, ರಟ್ಟು ಇವುಗಳ ಒಳಗೆ ಬಾಯಿಯ ಹಿಂದೆ ಇಡೀ ಅಲಗು ನುಗ್ಗಬೇಕು. ಅಲ್ಲಿ ದಪ್ಪ ಇದ್ರೆ ಅದು ಚಾಕು ಕೆಲಸ ಅಲ್ಲ, ಬೆಣೆ ಕೆಲಸ. ವಿಡಿಯೋ ಮಾಡೋರು ಪೇಪರ್ ಬದ್ಲು ಒಂದು ಕ್ಯಾರೆಟ್ ಕುಯ್ದು ತೋರಿಸಿದ್ರೆ ಅರ್ಧಕ್ಕರ್ಧ ಚಾಕುಗಳ ಹಣೆಬರಹ ಅಲ್ಲೇ ಗೊತ್ತಾಗುತ್ತೆ.

ಸ್ಟೀಲಿನ ಬಗ್ಗೆ ಅನ್ಯಾಯದ ಮಾತು ಆಡಬಾರದು. ಎಸ್30ವಿ ನಿಜವಾಗ್ಲೂ ಒಳ್ಳೆ ಸ್ಟೀಲು, 2001ರಲ್ಲಿ ಬಂದಿದ್ದು, ಚಾಕುಗೆ ಅಂತಲೇ ಮಾಡಿದ್ದು, ಹಗ್ಗ ಮತ್ತೆ ಗೋಣಿ ಕುಯ್ಯೋದ್ರಲ್ಲಿ ಮೂರು ತಿಂಗಳು ಬಾಯಿ ಹೋಗ್ಲಿಲ್ಲ. ಆದ್ರೆ ಹೋದ ಮೇಲೆ? ನಮ್ಮ ಬಚ್ಚಲ ಪಕ್ಕದ ಮಸೆಯೋ ಕಲ್ಲಲ್ಲಿ ಒಂದು ಗಂಟೆ ಕೂತೆ, ಏನೂ ಆಗ್ಲಿಲ್ಲ, ಬರೀ ಹೊಳಪು ಬಂತು. ಆ ಸ್ಟೀಲಲ್ಲಿ ನೂರಕ್ಕೆ 4 ಭಾಗ ವನೇಡಿಯಂ ಇದೆ, ಅದು ಇಂಗಾಲದ ಜೊತೆ ಸೇರಿ ಮಾಡ್ಕೊಳ್ಳೋ ಕಣಗಳು ಸಾಮಾನ್ಯ ಸಾಣೆಕಲ್ಲಿಗಿಂತ ಗಟ್ಟಿ. ವಜ್ರದ ಪುಡಿ ಕೂರಿಸಿದ ಡೈಮಂಡ್ ಪ್ಲೇಟ್ ಬೇಕು, ಅದಕ್ಕೆ ಬೇರೆ ದುಡ್ಡು. ಬೇರಿಂಗ್ ಒಳಗೆ ನಮ್ಮ ಕೆಮ್ಮಣ್ಣು ಸೇರ್ಕೊಂಡು ಗರಗರ ಅನ್ನೋಕೆ ಶುರು, ಬಿಚ್ಚೋಣ ಅಂದ್ರೆ ಮಾಮೂಲಿ ಸ್ಕ್ರೂ ಡ್ರೈವರ್ ಆಗಲ್ಲ, ನಕ್ಷತ್ರದ ಬಾಯಿಯ ಟಾರ್ಕ್ಸ್ ಬೇಕು, ಬಿಚ್ಚಿದ್ರೆ ವಾರಂಟಿ ಹೋಗುತ್ತೆ ಅಂತ ಡಬ್ಬದ ಮೇಲೇ ಬರೆದಿತ್ತು. ತೋಟದಲ್ಲಿ ಮಣ್ಣು ಮುಟ್ಟದ ಚಾಕು ಎಲ್ಲಿಂದ ತರೋಣ ಹೇಳಿ.

ಎರಡನೇದು ಮೂರೂವರೆ ಸಾವಿರದ್ದು, "ಬಜೆಟ್ ರಾಜ" ಅಂತ ಎಲ್ಲ ಕಡೆ ಹೊಗಳಿಕೆ, ಡಿ2 ಸ್ಟೀಲು. ಇದರ ಅಲಗು ಸ್ವಲ್ಪ ತೆಳು ಇತ್ತು, ಖುಷಿಯಾಯ್ತು. ಆದ್ರೆ ಡಿ2 ಪೂರ್ತಿ ಸ್ಟೇನ್‌ಲೆಸ್ ಅಲ್ಲ. ಕ್ರೋಮಿಯಂ ನೂರಕ್ಕೆ 12ರ ಹತ್ರ ಇದ್ರೂ ಇಂಗಾಲ ನೂರಕ್ಕೆ ಒಂದೂವರೆ ಭಾಗ ಇರೋದ್ರಿಂದ ಕ್ರೋಮಿಯಂ ಬಹಳಷ್ಟು ಅದರ ಜೊತೆ ಸೇರ್ಕೊಂಡು ಬಿಡುತ್ತೆ, ತುಕ್ಕು ತಡೆಯೋಕೆ ಉಳಿಯೋದು ಕಡಿಮೆ. ಒಂದು ಸಂಜೆ ಮಿಡಿ ಕೊಯ್ದು ಸೊನೆ ಒರೆಸದೆ ಹಾಗೇ ಜೇಬಿಗೆ ಹಾಕ್ಕೊಂಡೆ, ಬೆಳಿಗ್ಗೆ ನೋಡಿದ್ರೆ ಅಲಗಿನ ತುಂಬ ಮೆಣಸಿನ ಕಾಳಷ್ಟು ಕಪ್ಪು ಚುಕ್ಕೆ, ಉಜ್ಜಿದ್ರೆ ಕೆಳಗೆ ಗುಳಿ. ಒಣ ಸೀಮೆಯಲ್ಲಿ ಇರೋರಿಗೆ ಇದು ಸಮಸ್ಯೆನೇ ಅಲ್ಲ, ನಾಲ್ಕು ತಿಂಗಳು ಬಟ್ಟೆನೇ ಒಣಗದ ಮಲೆನಾಡಲ್ಲಿ ಇದೇ ಸಮಸ್ಯೆ.

ತುಕ್ಕು ಸಹಿಸ್ಕೋತಿದ್ದೆ, ಅದನ್ನ ಬಿಟ್ಟಿದ್ದು ಬೇರೆ ಕಾರಣಕ್ಕೆ. ಲೈನರ್ ಲಾಕ್ ಅಂತ ಇರುತ್ತಲ್ಲ, ಹಿಡಿ ಒಳಗಿನ ತೆಳು ಪಟ್ಟಿ ಪಕ್ಕಕ್ಕೆ ಸರಿದು ಅಲಗಿನ ಹಿಂದೆ ಆನ್ಕೊಳ್ಳೋದು, ಅದು ಅಲಗಿಗೆ ಅರೆಬರೆ ಕೂತ್ಕೊಂಡಿದ್ರೆ, ಅಥವಾ ಅಲ್ಲಿ ಧೂಳು ಕೂತಿದ್ರೆ, ತಿರುಚಿದಾಗ ಜಾರುತ್ತೆ. ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಮಾಡೋಕೆ ತುದಿ ಚುಚ್ಚಿ ತಿರುಗಿಸಿದೆ, ಚಾಕು ಮಡಚ್ಕೊಂಡು ತೋರುಬೆರಳ ಮೇಲೆ ಬಂತು, ಮೂರು ಹೊಲಿಗೆ. ಲಾಕ್ ಇದೆ ಅಂತ ಧೈರ್ಯ ಮಾಡಿದ್ದೇ ತಪ್ಪಾಯ್ತು, ಲಾಕ್ ಇಲ್ಲದ ಅಪ್ಪಯ್ಯನ ಚಾಕುವಲ್ಲಿ ನಾನು ಯಾವತ್ತೂ ಹಾಗೆ ಚುಚ್ಚಿ ತಿರುಗಿಸ್ತಾನೇ ಇರ್ಲಿಲ್ಲ.

ಮೂರನೇದು ಯಾರೋ ಉಡುಗೊರೆ ಕೊಟ್ಟ "ಡಮಾಸ್ಕಸ್" ಚಾಕು, ಅಲಗಿನ ಮೇಲೆಲ್ಲ ನೀರಿನ ಅಲೆ ತರ ಗೆರೆ. ಮರಳು ಕಾಗದದಲ್ಲಿ ಉಜ್ಜಿದ್ರೆ ಗೆರೆ ಪೂರ್ತಿ ಮಾಯ, ಕೆಳಗೆ ಬಿಳೀ ಸ್ಟೀಲು. ನಿಜವಾದ್ದಾದ್ರೆ ಎರಡು ತರದ ಸ್ಟೀಲು ಪದರ ಪದರವಾಗಿ ಬೆಸೆದಿರ್ತಾರೆ, ಉಜ್ಜಿದ್ರೂ ಫೆರಿಕ್ ಕ್ಲೋರೈಡ್ ಅನ್ನೋ ರಾಸಾಯನಿಕದಲ್ಲಿ ಅದ್ದಿದ್ರೆ ಗೆರೆ ವಾಪಸ್ ಬರುತ್ತೆ. ಇದ್ರಲ್ಲಿ ಬರ್ಲಿಲ್ಲ, ಬರೀ ಮೇಲೆ ಗೀಚಿದ್ದು. ಕನ್ನಡದೋರಿಗೆ ಈ ಮೋಸ ಇನ್ನೂ ಜಾಸ್ತಿ ನೋಯಬೇಕು ಅಂತ ನನ್ನ ಅನಿಸಿಕೆ, ಯಾಕಂದ್ರೆ ಆ ಹಳೇ ಡಮಾಸ್ಕಸ್ ಕತ್ತಿಗಳ ಜೊತೆ ಹೆಸರು ಬರೋದು ದಕ್ಷಿಣ ಭಾರತದ ಮೂಸೆ ಉಕ್ಕಿನದು (ಮೂಸೆ ಅಂದ್ರೆ ಲೋಹ ಕರಗಿಸೋ ಮಣ್ಣಿನ ಪಾತ್ರೆ), ಇಂಗ್ಲಿಷರು ಅದನ್ನ ವೂಟ್ಜ್ ಅಂದಿದ್ದು ನಮ್ಮ ಉಕ್ಕು ಅನ್ನೋ ಪದದಿಂದಲೇ ಬಂದಿದ್ದು ಅಂತ ಹೇಳ್ತಾರೆ. ಚಿತ್ರದುರ್ಗ ಜಿಲ್ಲೆ ಗಟ್ಟಿಹೊಸಹಳ್ಳಿಯಲ್ಲಿ ಆ ಮೂಸೆಗಳ ಚೂರು ಸಿಕ್ಕಿವೆ, 1800ರ ಸುಮಾರಿಗೆ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅನ್ನೋ ಸ್ಕಾಟ್ಲೆಂಡಿನ ವೈದ್ಯ ಇಲ್ಲಿ ಉಕ್ಕು ಮಾಡೋ ರೀತಿನ ನೋಡಿ ಬರೆದಿಟ್ಟಿದಾನೆ. ಅಂಥ ಹೆಸರನ್ನ ಪ್ರಿಂಟ್ ಹೊಡೆದ ತಗಡಿಗೆ ಇಡೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಈಗ ನಿಮ್ಮ ಅಪ್ಪನ ವಿಷಯ. ನಾನು ಈಗ ಇಟ್ಕೊಂಡಿರೋದು ಎರಡು. ಕಸಿಗೆ ಒಂದು ಕಸಿ ಚಾಕು, ಅದರ ಬಾಯಿಗೆ ಒಂದೇ ಕಡೆ ಇಳಿಜಾರು, ಇನ್ನೊಂದು ಮುಖ ಪೂರ್ತಿ ಚಪ್ಪಟೆ, ಅದಕ್ಕೇ ಕೆತ್ತಿದ ಮುಖ ಅಲೆ ಇಲ್ದೆ ಬರೋದು. ವಿಕ್ಟೋರಿನಾಕ್ಸ್‌ನೋರೂ ಮಡಚೋ ಕಸಿ ಚಾಕು ಮಾಡ್ತಾರೆ. 1884ರಲ್ಲಿ ಸ್ವಿಟ್ಜರ್ಲೆಂಡಿನ ಈಬಾಖ್ ಅನ್ನೋ ಊರಲ್ಲಿ ಕಾರ್ಲ್ ಎಲ್ಸೆನರ್ ಶುರು ಮಾಡಿದ ಕಂಪನಿ, ಅವರ ಕೆಂಪು ಚಾಕುಗಳ ಸ್ಟೀಲಿನ ಗಡಸು ರಾಕ್ವೆಲ್ ಅಳತೆಯಲ್ಲಿ 55-56 ಅಷ್ಟೇ, ವಿಡಿಯೋದೋರು ಇದನ್ನ ಮೆತ್ತಗೆ ಅಂತ ಬೈತಾರೆ, ಆದ್ರೆ ಮೊಂಡಾದ್ರೆ ಮನೆ ಕಲ್ಲಲ್ಲೇ ಐದು ನಿಮಿಷಕ್ಕೆ ಬಾಯಿ ಬರುತ್ತೆ, ತುಕ್ಕಂತೂ ಇಲ್ಲ. ತೋಟದಲ್ಲಿ ಕೆಲಸ ಮಾಡೋನಿಗೆ ಅದು ದೊಡ್ಡ ಗುಣ.

ಇನ್ನೊಂದು ಒಪಿನೆಲ್ 8ನೇ ನಂಬರು, ಫ್ರಾನ್ಸಿನ ಸವೊಯ್ ಕಡೆ 1890ರಿಂದ ಮಾಡ್ತಾ ಇರೋದು, ಮೊದಲಿಂದ್ಲೂ ರೈತರ ಚಾಕು. ಅಲಗು ಎಂಟೂವರೆ ಸೆಂ.ಮೀ., ದಪ್ಪ 2 ಮಿ.ಮೀ.ಗಿಂತ ಕಡಿಮೆ, ಬಾಯಿ ಕಡೆ ಹೋದಂಗೆ ಇನ್ನೂ ತೆಳು. ಲಾಕ್ ಅಂದ್ರೆ ಕುತ್ತಿಗೆ ಹತ್ರ ತಿರುಗಿಸೋ ಒಂದು ಉಂಗುರ, 1955ರಲ್ಲಿ ಸೇರಿಸಿದ್ದು, ಎಷ್ಟು ಸರಳ ಅಂದ್ರೆ ಲಾಕ್ ಕೂತಿದ್ಯೋ ಇಲ್ವೋ ಕಣ್ಣಿಗೇ ಕಾಣುತ್ತೆ. ಅದರಲ್ಲಿ ಕಾರ್ಬನ್ ಮತ್ತೆ ಸ್ಟೇನ್‌ಲೆಸ್ ಎರಡೂ ಬರುತ್ತೆ, ಮಳೆ ಜಾಸ್ತಿ ಇರೋ ಊರಾದ್ರೆ ಸ್ಟೇನ್‌ಲೆಸ್ಸೇ ತಗೊಳ್ಳಿ. ಹಿಡಿ ಬೀಚ್ ಮರದ್ದು, ನೀರು ಕುಡಿದ್ರೆ ಉಬ್ಬಿ ಅಲಗು ಬಿಗಿ ಆಗುತ್ತೆ, ಇದು ಎಲ್ಲರಿಗೂ ಗೊತ್ತಿರೋ ವಿಷಯ, ಒಣಗಿಸಿ ಎಣ್ಣೆ ಹಚ್ಕೊಂಡ್ರೆ ನಡೆಯುತ್ತೆ. ಇವೆರಡೂ ಸೇರಿದ್ರೂ ನೀವು ಹೇಳಿದ 15 ಸಾವಿರ ತಲುಪಲ್ಲ, ಉಳಿದಿದ್ರಲ್ಲಿ ಒಂದು ಒಳ್ಳೆ ಸಾಣೆಕಲ್ಲು ಸೇರಿಸಿ.

ಇಷ್ಟಾದ್ಮೇಲೂ ಟೈಟಾನಿಯಂದೇ ಬೇಕು ಅಂತಿದ್ರೆ ಅಂಗಡಿಯೋನ ಹತ್ರ ಸ್ಟೀಲ್ ಹೆಸರು ಕೇಳೋ ಮುಂಚೆ ಅಲಗಿನ ಬೆನ್ನು ಎಷ್ಟು ಮಿ.ಮೀ., ಬಾಯಿಯ ಹಿಂದೆ ಎಷ್ಟು ಅಂತ ಕೇಳಿ, 3ರ ಮೇಲೆ ಮತ್ತೆ 0.5ರ ಮೇಲೆ ಅಂದ್ರೆ ಬಿಟ್ಬಿಡಿ. ಇನ್ನೊಂದು, ಮಡಚೋ ಚಾಕು ತೆಗೆಯೋಕೆ ಬೆರಳಿನ ಬಲ ಬೇಕು, ನಿಮ್ಮ ಅಪ್ಪನಿಗೆ ಬೆರಳ ಗಂಟು ನೋವು ಇದ್ರೆ ಯಾವುದೇ ಆದ್ರೂ ತೆಗೆದು ಮಡಚಿ ನೋಡಿ ತಗೊಳ್ಳಿ, ಈ ಸಲ ಊರಿಗೆ ಫೋನ್ ಮಾಡಿದಾಗ ಬಾಟಲಿ ಮುಚ್ಚಳ ಆರಾಮಾಗಿ ತೆಗೀತಾರಾ ಅಂತ ಅಮ್ಮನ್ನ ಸುಮ್ನೆ ಕೇಳಿ ನೋಡಿ. ವಿಮಾನದಲ್ಲಿ ತಗೊಂಡು ಹೋಗೋದಾದ್ರೆ ಕೈಚೀಲದಲ್ಲಿ ಇಡ್ಬೇಡಿ, ಸೆಕ್ಯೂರಿಟಿಯೋರು ಬಿಡಲ್ಲ, ಚೆಕ್-ಇನ್ ಲಗೇಜಲ್ಲಿ ಬಟ್ಟೆ ಸುತ್ತಿ ಇಡಿ.