ಸಾಲದ ಮೇಲೆ ಇನ್ನೊಂದು ಬಾವಿ

ಪ್ರಶ್ನೆ: ಚಾಲಿ ಅಡಿಕೆ ಮಾರಿದ ದುಡ್ಡಲ್ಲಿ ಒಂದು ಸಣ್ಣ ತೈಲ ಕಂಪನಿಯ 400 ಷೇರು ಕೊಂಡಿದ್ದೇನೆ. ಮೊದಲೇ ಸಾಲವಿರುವ ಕಂಪನಿ, ಮತ್ತೆ ಸಾಲ ಮಾಡಿ ಇನ್ನೊಂದು ಕಂಪನಿ ಕೊಳ್ಳುತ್ತದಂತೆ. ಕಾರವಾರದ ಭಾವ ‘ಒಳ್ಳೇದೇ ಆಯ್ತು’ ಅಂತಾರೆ. ನನಗೆ ನಿದ್ದೆ ಇಲ್ಲ. ಮತ ಹಾಕಲು ನೋಟಿಸ್ ಬಂದಿದೆ. ಏನು ಮಾಡಲಿ?
– ಓದುಗರು, ಶಿರಸಿ

ಉತ್ತರ: ನಿಮ್ಮ ಭಾವನ ಮಾತು ಪೂರ್ತಿ ತಪ್ಪಲ್ಲ. ಎಣ್ಣೆ ಬಾವಿ ವರ್ಷ ಕಳೆದಂತೆ ಕಡಿಮೆ ಕೊಡುತ್ತದೆ. ಹಳೇದನ್ನೇ ನಂಬಿ ಕೂತರೆ ಕಂಪನಿ ಸೊರಗುತ್ತದೆ. ಆದರೆ ಯಾವ ದುಡ್ಡಲ್ಲಿ ಕೊಳ್ಳುತ್ತಾರೆ ಅನ್ನೋದು ಮುಖ್ಯ. ಅಡಿಕೆಗೆ ರೇಟು ಬಂದ ವರ್ಷ ಸಾಲ ಮಾಡಿ ಪಕ್ಕದ ತೋಟ ಕೊಂಡವರನ್ನು ನೋಡಿದ್ದೀರಲ್ವಾ? ಮರುವರ್ಷ ಕೊಳೆರೋಗ ಬಂದರೂ ಬಡ್ಡಿ ನಿಲ್ಲೋದಿಲ್ಲ. ಕಚ್ಚಾ ತೈಲವಂತೂ ಇನ್ನೂ ಚಂಚಲ. 2008ರ ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿದ್ದು ಡಿಸೆಂಬರ್‌ನಲ್ಲಿ 40ರ ಕೆಳಗೆ ಬಿತ್ತು. ಆ ವರ್ಷ ನಾನೂ ಕೈ ಸುಟ್ಟುಕೊಂಡೆ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ.

ನೋಟಿಸ್ ಜೊತೆ ಬಂದ ವಿವರಣೆ ಓದಿ. ಹಳೇ ಸಾಲ ಯಾವಾಗ ತೀರಿಸಬೇಕು? ಕೊಳ್ಳಲಿರುವ ಆ ಇನ್ನೊಂದು ಕಂಪನಿಗೂ ಸಾಲ ಇದೆಯಾ? ತೈಲದ ದರ ಬಿದ್ದರೆ ಬಡ್ಡಿ ಕಟ್ಟೋಕಾಗುತ್ತಾ? ಉತ್ತರ ಸಿಗದಿದ್ದರೆ ನಾನಾದರೆ ‘ಬೇಡ’ ಅಂತಲೇ ಹಾಕುತ್ತೇನೆ. ಬಂಡವಾಳ, ಮೀಸಲು (ಕೂಡಿಟ್ಟ ಲಾಭ) ಸೇರಿಸಿದ್ದಕ್ಕಿಂತ ಜಾಸ್ತಿ ಸಾಲ ಎತ್ತಲು 2013ರ ಕಂಪನಿ ಕಾಯ್ದೆ ಪ್ರಕಾರ ವಿಶೇಷ ನಿರ್ಣಯ ಬೇಕು. ಅಂದರೆ ಬಿದ್ದ ಮತಗಳಲ್ಲಿ ಮುಕ್ಕಾಲು ಪಾಲು ಪರವಾಗಿರಬೇಕು. 400 ಷೇರು ಸಣ್ಣದೇ. ಆದರೂ ಮೊಬೈಲ್‌ನಲ್ಲೇ ಹಾಕುವ ಮತ, ಸಭೆಗೆಂದು ಮುಂಬೈ ಬಸ್ಸು ಹತ್ತಬೇಕಿಲ್ಲ.