ಹೆಸರಿಗೆ ‘ಗೆ’ ಅಂಟಿಸುವ ಫಜೀತಿ

ಕಥೆ-ಆಟ ಕಟ್ಟುವ ತಂತ್ರಾಂಶ ಟ್ವೈನ್‌ನಲ್ಲಿ ಕನ್ನಡ ಆಟ ಬರೆಯುವಾಗ ಆಟಗಾರರು ಕೊಟ್ಟ ಹೆಸರಿಗೆ ‘ಗೆ’ ಸೇರಿಸಿದರೆ ‘ರಮೇಶಗೆ’ ಅಂತ ಬರ್ತಿದೆ, ಏನ್ಮಾಡ್ಲಿ ಅಂತ ಕೇಳಿದ್ದೀರಿ. ನಾನೂ ಅದೇ ಹಳ್ಳಕ್ಕೆ ಬಿದ್ದವನೇ.

ಕೊನೆಯ ಅಕ್ಷರ ನೋಡಿ ಪ್ರತ್ಯಯ ಆರಿಸೋ ಕೋಡ್ ಬರೆದೆ. ರಮೇಶನಿಗೆ, ಸೀತೆಗೆ, ರವಿಗೆ, ಗುರುವಿಗೆ: ನಾಲ್ಕು ಇಫ್‌ನಲ್ಲಿ (‘ಹೀಗಿದ್ದರೆ ಹೀಗೆ’ ಅನ್ನೋ ಷರತ್ತು) ಮುಗೀತು ಅಂದ್ಕೊಂಡೆ. ತಂಗಿ ಬಂದು ‘ಅಕ್ಷತ’ ಅಂತ ಟೈಪ್ ಮಾಡಿದಳು. ‘ಅಕ್ಷತನಿಗೆ ಹಸಿವಾಯಿತು’ ಅಂತು ಆಟ! ಮೂರು ದಿನ ಮನೆಯಲ್ಲಿ ಅದೇ ತಮಾಷೆ. ಇನ್ನೊಂದು ತರಲೆ: ‘ರವಿ’ಯ ಕೊನೆಯಲ್ಲಿ ಕೋಡ್‌ಗೆ ಸಿಗೋದು ‘ವಿ’ ಅಲ್ಲ, ಬರೀ ಗುಡಿಸು. ‘ಕಿರಣ್’ ಅಂದರೆ ಅರ್ಧಾಕ್ಷರದ ಚಿಹ್ನೆ. ‘ರಮೇಶ’ದ ತಲಕಟ್ಟಿಗಂತೂ ಯೂನಿಕೋಡ್‌ನಲ್ಲಿ ಸಂಕೇತವೇ ಇಲ್ಲ, ಬರೀ ‘ಶ’ ಸಿಗುತ್ತೆ.

ಕೋಡ್ ಬಿಡಿ, ವಾಕ್ಯ ತಿರುಗಿಸಿ. ‘ರಮೇಶ, ನಿಮಗೊಂದು ಪತ್ರ ಬಂದಿದೆ’ ಅಂತ ಕರೆದುಬಿಟ್ಟರೆ ಹೆಸರಿಗೆ ಏನೂ ಅಂಟಿಸಬೇಕಿಲ್ಲ. ಇಡೀ ಕಥೆ ‘ನೀವು’ ಅಂತ ಸಾಗಿದರೆ ಬಂದನು-ಬಂದಳು ತಂಟೆಯೂ ತಪ್ಪುತ್ತೆ. ‘ರಮೇಶ ಅವರಿಗೆ’ ಅಂತಲೂ ಬರೀಬಹುದು, ಆದರೆ ಬ್ಯಾಂಕಿನ ನೋಟಿಸ್ ಓದಿದ ಹಾಗಿರುತ್ತೆ. ನಿಮ್ಮ ಕಥೆಯಲ್ಲಿ ಪೊಲೀಸ್ ಠಾಣೆ ಇದ್ದರೆ ಅಲ್ಲಿಗೆ ಇಟ್ಟುಕೊಳ್ಳಿ.